ತೂಬು ತಳದಲ್ಲಿರುವ ಕೆರೆಗಳು: ಸುಣ್ಣಕಲ್ಲಿನ ನೆಲದಲ್ಲಿ ಹೂಳು ಮತ್ತು ನೀರಿನ ಮಟ್ಟ ಅಳೆಯುವುದು ಹೇಗೆ

ನಮ್ಮೂರ ಕೆರೆಗೆ ಏರಿ ಇರುತ್ತದೆ, ತೂಬು ಇರುತ್ತದೆ, ಕೋಡಿ ಇರುತ್ತದೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಏರಿಯ ಮೇಲೆ ನಿಂತೇ ಹೇಳಿಬಿಡಬಹುದು. ಅಮೆರಿಕದ ಫ್ಲಾರಿಡಾ ರಾಜ್ಯದ ಕೆರೆಗಳು ಹಾಗಲ್ಲ. ಅಲ್ಲಿನ ಎಷ್ಟೋ ಕೆರೆಗಳಿಗೆ ಬಂದು ಸೇರುವ ಹೊಳೆಯಿಲ್ಲ, ಹೊರಗೆ ಹರಿಯುವ ಕಾಲುವೆಯೂ ಇಲ್ಲ. ತೂಬು ಇದೆ, ಆದರೆ ಅದು ತಳದ ಕಲ್ಲಿನಲ್ಲಿದೆ. ಅದರ ಮೇಲೆ ಹೂಳು ಕೂತಿದೆ.

ಟ್ಯಾಲಹಾಸಿ ನಗರದ ಉತ್ತರಕ್ಕೆ ಜಾಕ್ಸನ್ ಕೆರೆ ಇದೆ. ಹರವು ಸುಮಾರು 16 ಚದರ ಕಿಲೋಮೀಟರ್. 1999ರ ಸೆಪ್ಟೆಂಬರ್‌ನಲ್ಲಿ ಅದರ ದಕ್ಷಿಣ ಭಾಗದ ನೀರು ಪೋರ್ಟರ್ ಹೋಲ್ ಎಂಬ ಗುಂಡಿಯೊಳಗೆ ಇಳಿದುಹೋಯಿತು. ಅದು ಬರಗಾಲ. ಕೆಳಗಿನ ಅಂತರ್ಜಲ ಕುಸಿದಿತ್ತು. 1982ರಲ್ಲೂ ಹೀಗೇ ಆಗಿತ್ತು. ಮಳೆ ಬಂದು ಅಂತರ್ಜಲ ಏರಿದ ಮೇಲೆ ಕೆರೆ ಮತ್ತೆ ತುಂಬಿತು.

ಇಂಥ ಕೆರೆಯನ್ನು ಓದುವುದು ಹೇಗೆ? ದಡದಲ್ಲಿ ಕೋಲು ನೆಟ್ಟು ನೀರಿನ ಮಟ್ಟ ಬರೆದಿಟ್ಟರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಉಳಿದರ್ಧ ಹೂಳಿನ ಕೆಳಗಿದೆ. ಅಲ್ಲಿಗೆ ತಲುಪಲು ಶಬ್ದ, ರೇಡಾರ್ ಅಲೆ, ವಿದ್ಯುತ್, ಕೊನೆಗೆ ಒಂದು ಕೊಳವೆ ಬೇಕು. ಒಂದೇ ಉಪಕರಣ ನಂಬಿಕೊಂಡು ತೀರ್ಮಾನ ಮಾಡಬಾರದು, ಹೂಳನ್ನೂ ನೀರನ್ನೂ ಬೇರೆಬೇರೆ ಲೆಕ್ಕವಾಗಿ ನೋಡಬಾರದು. ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ. ಭೂವಿಜ್ಞಾನ ಓದುತ್ತಿರುವವರು, ಅಂತರ್ಜಲದ ಕೆಲಸ ಮಾಡುವವರು, ಹೊರದೇಶದಲ್ಲಿ ಇಂಥ ಯೋಜನೆಗೆ ಸೇರಿಕೊಂಡ ನಮ್ಮವರು, ಎಲ್ಲರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹಂತ 1: ದೋಣಿ ಇಳಿಸುವ ಮೊದಲು ನೆಲದ ಕಥೆ ತಿಳಿಯಿರಿ

ಫ್ಲಾರಿಡಾದ ನೆಲವನ್ನು ಮೂರು ಪದರ ಎಂದುಕೊಳ್ಳಿ. ಮೇಲೆ ಮರಳು. ನಡುವೆ ಹಾಥಾರ್ನ್ ಎಂದು ಕರೆಯುವ ಜೇಡಿಮಣ್ಣು ಬೆರೆತ ಪದರ. ಕೆಳಗೆ ನೂರಾರು ಮೀಟರ್ ದಪ್ಪದ ಸುಣ್ಣಕಲ್ಲು. ಆ ಕಲ್ಲಿನ ಬಿರುಕು, ಪೊಳ್ಳುಗಳಲ್ಲಿ ತುಂಬಿರುವುದೇ ಫ್ಲಾರಿಡನ್ ಅಂತರ್ಜಲ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಪೊಳ್ಳು ದೊಡ್ಡದಾಗುತ್ತಾ ಹೋಗುತ್ತದೆ. ಒಂದು ದಿನ ಮೇಲಿನ ಜೇಡಿ, ಮರಳು ಒಳಗೆ ಜಾರುತ್ತವೆ. ಗುಂಡಿ ಬೀಳುತ್ತದೆ. ಇದೇ ಸಿಂಕ್‌ಹೋಲ್. ಇಂಥ ನೆಲಕ್ಕೆ ಕಾರ್ಸ್ಟ್ ಅಂತ ಹೆಸರು.

1981ರ ಮೇ 8ರಂದು ವಿಂಟರ್ ಪಾರ್ಕ್ ಊರಿನಲ್ಲಿ ಬಿದ್ದ ಗುಂಡಿ ಸುಮಾರು 100 ಮೀಟರ್ ಅಗಲ ಇತ್ತು. ಒಂದು ಮನೆ, ಕೆಲವು ಕಾರು, ಈಜುಕೊಳದ ಒಂದು ಭಾಗ ಅದರೊಳಗೆ ಹೋದವು. ಇವತ್ತು ಅಲ್ಲಿ ಒಂದು ಪುಟ್ಟ ಕೆರೆ ಇದೆ. ಕೆರೆ ಹುಟ್ಟುವುದನ್ನು ಜನ ಕಣ್ಣಾರೆ ನೋಡಿದ ಅಪರೂಪದ ಪ್ರಸಂಗ ಅದು.

1990ರ ದಶಕದಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಸೇಂಟ್ ಜಾನ್ಸ್ ನದಿ ಕಣಿವೆಯ ನೀರು ನಿರ್ವಹಣಾ ಮಂಡಳಿಯೂ ಸೇರಿ ಉತ್ತರ ಮತ್ತು ಮಧ್ಯ ಫ್ಲಾರಿಡಾದ ಹಲವು ಕೆರೆಗಳಲ್ಲಿ ಶಬ್ದದ ಅಲೆ ಬಿಟ್ಟು ಸರ್ವೆ ಮಾಡಿದವು. ಅದರಿಂದ ಕೆರೆಗಳಿಗೂ ವಯಸ್ಸಿನ ಹಂತಗಳಿವೆ ಎಂದು ತಿಳಿಯಿತು. ಎಳೆಯ ಕೆರೆಯಲ್ಲಿ ಕುಸಿತ ಇನ್ನೂ ನಡೆಯುತ್ತಿರುತ್ತದೆ. ನಡುವಯಸ್ಸಿನದರಲ್ಲಿ ಗುಂಡಿ ಹೂಳಿನಿಂದ ತುಂಬಿಕೊಳ್ಳುತ್ತಿರುತ್ತದೆ. ಬಲಿತದ್ದು ಬಹುಮಟ್ಟಿಗೆ ಮುಚ್ಚಿಕೊಂಡಿರುತ್ತದೆ. ಕೊನೆಗೆ ಗುಂಡಿಗಳು ಒಂದಕ್ಕೊಂದು ಕೂಡಿ ಅಗಲವಾದ ಚಪ್ಪಟೆ ಬಯಲಾಗುತ್ತವೆ.

ಗೇನ್ಸ್‌ವಿಲ್ ಹತ್ತಿರದ ಪೇನ್ಸ್ ಪ್ರೇರಿ ಈ ಕೊನೆಯ ಜಾತಿಯದು. 1870ರ ದಶಕದಲ್ಲಿ ಅದರ ಅಲಾಚುವಾ ಗುಂಡಿ ಕಟ್ಟಿಕೊಂಡು ಬಯಲೆಲ್ಲ ಕೆರೆಯಾಯಿತು. ಅದರ ಮೇಲೆ ಉಗಿದೋಣಿಗಳು ಓಡಾಡಿದವು. 1890ರ ದಶಕದ ಶುರುವಿನಲ್ಲಿ ಗುಂಡಿ ತೆರೆದುಕೊಂಡಿತು. ನೀರು ಇಳಿಯಿತು, ದೋಣಿಗಳು ಕೆಸರಿನಲ್ಲಿ ಉಳಿದವು. ಹೂಳು ಕಟ್ಟಿದರೆ ಕೆರೆ, ಬಿಟ್ಟರೆ ಬಯಲು. ಹೂಳು ಬೇರೆ, ನೀರು ಬೇರೆ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ನಿಮ್ಮ ಕೆರೆ ಯಾವ ವಯಸ್ಸಿನದು ಎಂದು ಮೊದಲೇ ಊಹಿಸಿ ಬರೆದುಕೊಳ್ಳಿ. ಹಳೆಯ ವಿಮಾನ ಚಿತ್ರ, ಸುತ್ತಲಿನ ಬೋರ್‌ವೆಲ್ ಕೊರೆದಾಗ ಸಿಕ್ಕ ಮಣ್ಣಿನ ವಿವರ, ದಡದ ಹಳಬರ ನೆನಪು ಎಲ್ಲವನ್ನೂ ಸೇರಿಸಿ. ಹಳಬರ ಮಾತನ್ನು ತಳ್ಳಿಹಾಕಬೇಡಿ. ‘ಆ ಮೂಲೆಯಲ್ಲಿ ನೀರು ಯಾವಾಗಲೂ ಸುಳಿ ತಿರುಗುತ್ತಿತ್ತು’ ಎಂಬ ಒಂದು ಮಾತು ಎರಡು ದಿನದ ದೋಣಿ ಓಡಾಟ ಉಳಿಸಬಲ್ಲದು.

ಹಂತ 2: ಪ್ರಶ್ನೆ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ

ಹೂಳು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ನೀರು ಎಲ್ಲಿ ಸೋರುತ್ತಿದೆ ಎಂಬುದು ಇನ್ನೊಂದು. ಹಿಂದೆ ನೀರು ಎಷ್ಟು ಕೆಳಗಿತ್ತು ಎಂಬುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಉಪಕರಣ, ದೋಣಿ ಸಾಗಬೇಕಾದ ದಾರಿಯ ಗೆರೆಗಳೂ ಬೇರೆ ಬೇರೆ. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದು ದೋಣಿಯಲ್ಲೇ ಅಂಟಿಸಿ. ಬಿಸಿಲಿನಲ್ಲಿ ಐದು ಗಂಟೆ ಕೂತ ಮೇಲೆ ಅದು ಮರೆತುಹೋಗುವುದು ಸಹಜ.

ಹಂತ 3: ಮಟ್ಟದ ಗುರುತು, ಗೇಜು

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಮೊದಲು ಮಾಡಿ. ಕೆರೆಯ ನೀರಿನ ಮಟ್ಟವೂ ಪಕ್ಕದ ಅಂತರ್ಜಲ ಬಾವಿಯ ಮಟ್ಟವೂ ಒಂದೇ ಸೊನ್ನೆಯಿಂದ ಅಳೆದದ್ದಾಗಿರಬೇಕು. ಅಮೆರಿಕದ ಎತ್ತರದ ದಾಖಲೆಗಳಲ್ಲಿ ಎರಡು ಸೊನ್ನೆಗಳು ಸಿಗುತ್ತವೆ, 1929ರದು ಒಂದು, 1988ರದು ಒಂದು. ಫ್ಲಾರಿಡಾದಲ್ಲಿ ಇವುಗಳ ನಡುವೆ ಸುಮಾರು 0.3 ಮೀಟರ್ ವ್ಯತ್ಯಾಸ ಇದೆ. ಹಳೆಯ ಕೆರೆ ದಾಖಲೆ 1929ರ ಲೆಕ್ಕದಲ್ಲಿ, ಹೊಸ ಬಾವಿ ದಾಖಲೆ 1988ರ ಲೆಕ್ಕದಲ್ಲಿ ಇದ್ದು ಎರಡನ್ನೂ ಸುಮ್ನೆ ಕಳೆದುಬಿಟ್ಟರೆ ಇಲ್ಲದ ಸೋರಿಕೆ ಹುಟ್ಟುತ್ತದೆ, ಇರುವ ಸೋರಿಕೆ ಮಾಯವಾಗುತ್ತದೆ.

ಮಾಡಬೇಕಾದ್ದು ಇಷ್ಟು. ದಡದಲ್ಲಿ ಅಲುಗಾಡದ ಒಂದು ಗುರುತು ಹಾಕಿ, ಸೆಂಟಿಮೀಟರ್ ಮಟ್ಟದವರೆಗೆ ನಿಖರವಾದ ಜಿಪಿಎಸ್‌ನ ಆರ್‌ಟಿಕೆ ವಿಧಾನದಲ್ಲಿ ಅದರ ಎತ್ತರ ತೆಗೆಯಿರಿ. ಆ ಗುರುತಿಗೆ ಹೊಂದಿಸಿ ಅಳತೆ ಪಟ್ಟಿ ನೆಡಿ, ಇದೇ ಗೇಜು. ಪಕ್ಕದಲ್ಲಿ ತೂತು ಕೊರೆದ ಪಿವಿಸಿ ಕೊಳವೆ ನಿಲ್ಲಿಸಿ, ಒಳಗೆ ಒತ್ತಡವನ್ನು ತಾನಾಗಿ ಅಳೆದು ದಾಖಲಿಸುವ ಲಾಗರ್ ಇಳಿಬಿಡಿ. ಕೊಳವೆ ಇದ್ದರೆ ಅಲೆಯ ಕುಣಿತ ಒಳಗೆ ಬರುವುದಿಲ್ಲ. ಹದಿನೈದು ನಿಮಿಷಕ್ಕೊಂದು ಅಳತೆ ಸಾಕು.

ಲಾಗರ್ ಅಳೆಯುವುದು ನೀರಿನ ಒತ್ತಡ ಮಾತ್ರ ಅಲ್ಲ, ಅದರ ಮೇಲಿನ ಗಾಳಿಯ ಒತ್ತಡವನ್ನೂ. ಗಾಳಿಯ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಬದಲಾದರೆ ಸುಮಾರು 1 ಸೆಂಟಿಮೀಟರ್ ನೀರು ಬದಲಾದಂತೆ ಕಾಣುತ್ತದೆ. ಮೋಡ ಕವಿದ ಒಂದು ಮಧ್ಯಾಹ್ನ ಕೆರೆ ಐದಾರು ಸೆಂಟಿಮೀಟರ್ ಇಳಿದಂತೆ ತೋರಿಸಿದರೆ ಗಾಬರಿ ಬೇಡ. ಗಾಳಿಯ ಒತ್ತಡಕ್ಕೆ ಇನ್ನೊಂದು ಲಾಗರ್ ದಡದ ಮರಕ್ಕೆ ಕಟ್ಟಿ, ಅದನ್ನು ಕಳೆಯಿರಿ. ಪ್ರತಿ ಸಲ ಹೋದಾಗ ಪಟ್ಟಿಯ ಮೇಲಿನ ಅಳತೆಯನ್ನು ಕಣ್ಣಿನಿಂದ ಓದಿ ಪುಸ್ತಕದಲ್ಲಿ ಬರೆಯಿರಿ. ಯಂತ್ರ ಜಾರಿದ್ದರೆ ಆ ಪುಸ್ತಕವೇ ಹೇಳುತ್ತದೆ.

ಹಂತ 4: ಆಳ

ಎಕೋ ಸೌಂಡರ್ ಎಲ್ಲರಿಗೂ ಗೊತ್ತು. ನೀರಿನೊಳಗೆ ಶಬ್ದ ಬಿಟ್ಟು ಅದು ಮರಳಿ ಬರುವ ಹೊತ್ತನ್ನು ಅಳೆಯುತ್ತದೆ. ಎರಡು ಆವರ್ತನ ಇರುವುದನ್ನೇ ತನ್ನಿ. 200 ಕಿಲೋಹರ್ಟ್ಜ್ ಶಬ್ದ ತೆಳು ಕೆಸರಿನ ಮೇಲ್ಮೈಗೇ ಬಡಿದು ವಾಪಸ್ ಬರುತ್ತದೆ. 24 ಅಥವಾ 33 ಕಿಲೋಹರ್ಟ್ಜ್ ಶಬ್ದ ಆ ತೆಳು ಕೆಸರನ್ನು ದಾಟಿ ಗಟ್ಟಿ ಪದರ ಮುಟ್ಟುತ್ತದೆ. ಎರಡರ ವ್ಯತ್ಯಾಸವೇ ಮೆತ್ತನೆ ಕೆಸರಿನ ಒಂದು ಒರಟು ಅಂದಾಜು.

ನೀರಿನ ಉಷ್ಣತೆ ಅಳೆಯಿರಿ. ಸಿಹಿನೀರಿನಲ್ಲಿ 10 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,447 ಮೀಟರ್, 25 ಡಿಗ್ರಿಯಲ್ಲಿ ಸುಮಾರು 1,497. ತೂಕ ಕಟ್ಟಿದ ಹಗ್ಗವನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು ದಿನಕ್ಕೆ ಎರಡು ಸಲ ಕೈಯಾರೆ ಆಳ ನೋಡಿ ಹೊಂದಿಸಿ. ಸರ್ವೆ ಮಾಡಿದ ದಿನದ ಗೇಜು ಓದಿಟ್ಟುಕೊಂಡರೆ ಆಳವನ್ನು ತಳದ ಎತ್ತರಕ್ಕೆ ಬದಲಿಸಬಹುದು. ಆಗ ನೀರು ಯಾವ ಮಟ್ಟದಲ್ಲಿದ್ದರೆ ಕೆರೆಯ ಹರವು ಎಷ್ಟು, ನೀರು ಎಷ್ಟು ಎಂಬ ಕೋಷ್ಟಕ ಸಿಗುತ್ತದೆ. ನಮ್ಮ ಕೆರೆಗಳ ಹೂಳಿನ ಲೆಕ್ಕಕ್ಕೂ ಈ ಹಂತ ಇದ್ದದ್ದು ಇದ್ದ ಹಾಗೇ ಹೊಂದುತ್ತದೆ.

ಹಂತ 5: ಹೂಳಿನೊಳಗೆ ಶಬ್ದ

ಇಲ್ಲಿ ನಿಧಾನ ಮಾಡೋಣ, ಯಾಕೆಂದರೆ ಇಡೀ ಕೆಲಸದ ಜೀವಾಳ ಇದು.

ಆವರ್ತನ ಕಡಿಮೆಯಾದಷ್ಟೂ ಶಬ್ದ ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ಪದರ ಕಾಣುವುದಿಲ್ಲ. ಎರಡರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು. ಚರ್ಪ್ ಎಂಬ ಉಪಕರಣ ಕೆಲವು ಕಿಲೋಹರ್ಟ್ಜ್‌ನಿಂದ ಹದಿನೈದು, ಇಪ್ಪತ್ತರವರೆಗೆ ಏರುವ ಕೂಗು ಹಾಕುತ್ತದೆ. ಬೂಮರ್ ಎಂಬುದು ಲೋಹದ ತಟ್ಟೆಯನ್ನು ವಿದ್ಯುತ್ತಿನಿಂದ ಝಾಡಿಸಿ ಕಿಲೋಹರ್ಟ್ಜ್ ಆಸುಪಾಸಿನ ಗಟ್ಟಿ ಸದ್ದು ಮಾಡುತ್ತದೆ. 3.5 ಕಿಲೋಹರ್ಟ್ಜ್ ಶಬ್ದದ ಅಲೆಯುದ್ದ ನೀರಿನಲ್ಲಿ ಸುಮಾರು 43 ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 11 ಸೆಂಟಿಮೀಟರ್‌ಗಿಂತ ತೆಳುವಾದ ಪದರವನ್ನು ಬೇರೆಯಾಗಿ ನೋಡಲು ಆಗುವುದಿಲ್ಲ. 1 ಕಿಲೋಹರ್ಟ್ಜ್‌ಗೆ ಬಂದರೆ ಅದು ಸುಮಾರು 38 ಸೆಂಟಿಮೀಟರ್. ಮೇಲಿನ ಹೂಳಿಗೆ ಚರ್ಪ್, ಕೆಳಗಿನ ಕುಸಿದ ಜೇಡಿ ಮತ್ತು ಸುಣ್ಣಕಲ್ಲಿಗೆ ಬೂಮರ್. ಒಂದೇ ಕೊಳ್ಳಲು ದುಡ್ಡಿದ್ದರೆ ಸಿಂಕ್‌ಹೋಲ್ ಕೆರೆಗೆ ನಾನು ಬೂಮರ್ ಆರಿಸುತ್ತೇನೆ. ಮೇಲಿನ ಮೆತ್ತನೆ ಹೂಳನ್ನು ಕೊಳವೆ ಇಳಿಸಿಯೂ ನೋಡಬಹುದು, ಇಪ್ಪತ್ತು ಮೀಟರ್ ಕೆಳಗಿನ ಕುಸಿತವನ್ನು ಕೊಳವೆಯಿಂದ ನೋಡಲು ಆಗುವುದಿಲ್ಲ.

ದೋಣಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ಹೋಗಲಿ, ಮನುಷ್ಯ ನಡೆಯುವಷ್ಟು. ಸೆಕೆಂಡಿಗೆ ಎರಡು ಸಲ ಶಬ್ದ ಬಿಟ್ಟರೆ ಸುಮಾರು ಅರ್ಧ ಮೀಟರ್‌ಗೊಂದು ಅಳತೆ ಸಿಗುತ್ತದೆ. ದುಂಡಗಿನ ಕೆರೆಗೆ ನಡುವಿನಿಂದ ಚಕ್ರದ ಅರಗಳ ಹಾಗೆ ಗೆರೆ ಹಾಕಿ, ಮೇಲೆ ಒಂದೆರಡು ವೃತ್ತ ಸೇರಿಸಿ. ಉದ್ದನೆಯ ಕೆರೆಗೆ ಅಡ್ಡಗೆರೆ 50 ಮೀಟರ್‌ಗೊಂದು, ಉದ್ದಗೆರೆ ಮೂರೋ ನಾಲ್ಕೋ. ಗೆರೆಗಳು ಒಂದನ್ನೊಂದು ಕತ್ತರಿಸಲೇಬೇಕು. ಕತ್ತರಿಸಿದ ಜಾಗದಲ್ಲಿ ಎರಡೂ ಗೆರೆಗಳಲ್ಲಿ ಪದರದ ಆಳ ಒಂದೇ ಬರದಿದ್ದರೆ ಎಲ್ಲೋ ತಪ್ಪಿದೆ.

ಆ ತಪ್ಪು ನನಗೂ ಆಗಿದೆ. ಜಿಪಿಎಸ್ ದೋಣಿಯ ಮುಂಭಾಗದಲ್ಲಿತ್ತು, ಶಬ್ದ ಕೇಳುವ ಹೈಡ್ರೋಫೋನ್ ಹಿಂದೆ ಹಗ್ಗದಲ್ಲಿ ಎಂಟು ಮೀಟರ್ ದೂರ ತೇಲುತ್ತಿತ್ತು. ಆ ದೂರವನ್ನು ಯಂತ್ರಕ್ಕೆ ಹೇಳಿರಲಿಲ್ಲ. ಪೂರ್ವಕ್ಕೆ ಹೋದಾಗ ಗುಂಡಿಯ ಅಂಚು ಒಂದು ಕಡೆ, ಪಶ್ಚಿಮಕ್ಕೆ ಬಂದಾಗ ಇನ್ನೊಂದು ಕಡೆ. ನಕ್ಷೆಯಲ್ಲಿ ಒಂದೇ ಗುಂಡಿ ಎರಡಾಗಿ ಕಂಡಿತು. ಮೂರು ದಿನದ ದತ್ತಾಂಶವನ್ನು ಗೆರೆ ಗೆರೆಯಾಗಿ ಸರಿಪಡಿಸಬೇಕಾಯಿತು. ಅಂದಿನಿಂದ ನೀರಿಗಿಳಿಯುವ ಮೊದಲು ದೋಣಿಯ ಚಿತ್ರ ಬರೆದು ಜಿಪಿಎಸ್, ತಟ್ಟೆ, ಹೈಡ್ರೋಫೋನ್ ನಡುವಿನ ದೂರ ಟೇಪಿನಿಂದ ಅಳೆದು ಬರೆದಿಡುತ್ತೇನೆ. ನೀವೂ ಹಾಗೇ ಮಾಡಿ.

ಈಗ ಪರದೆ ನೋಡೋಣ. ಅಡ್ಡಕ್ಕೆ ದೂರ, ಕೆಳಮುಖವಾಗಿ ಹೊತ್ತು, ಮಿಲಿಸೆಕೆಂಡುಗಳಲ್ಲಿ. ಹೋಗಿ ಬರುವ ಹೊತ್ತಾದ್ದರಿಂದ 1 ಮಿಲಿಸೆಕೆಂಡ್ ಅಂದರೆ ಸುಮಾರು 0.75 ಮೀಟರ್. ಮೊದಲ ಕಪ್ಪು ಗೆರೆ 4 ಮಿಲಿಸೆಕೆಂಡಿನಲ್ಲಿ ಇದ್ದರೆ ನೀರು 3 ಮೀಟರ್. ಅದರ ಕೆಳಗೆ ನೀಟಾಗಿ ಒಂದರ ಮೇಲೊಂದು ಮಲಗಿದ ತೆಳು ಗೆರೆಗಳು ಹೂಳು. ಅದರ ತಳ 10 ಮಿಲಿಸೆಕೆಂಡಿನಲ್ಲಿ ಸಿಕ್ಕಿದರೆ ಹೂಳಿನ ದಪ್ಪ ಸುಮಾರು 4.5 ಮೀಟರ್. ದೋಣಿ ಮುಂದೆ ಸಾಗಿದ ಹಾಗೆ ಆ ಗೆರೆಗಳು ಒಂದು ಕಡೆ ಬಾಗಲು ಶುರುವಾಗುತ್ತವೆ. ಬಟ್ಟಲಿನೊಳಗೆ ಬಟ್ಟಲು ಇಟ್ಟ ಹಾಗೆ. ಕೆಳಗಿನ ಬಟ್ಟಲು ಹೆಚ್ಚು ಆಳ, ಮೇಲಿನದು ಕಡಿಮೆ. ಆಮೇಲೆ ಇದ್ದಕ್ಕಿದ್ದಂತೆ ಗೆರೆಗಳು ಮುರಿಯುತ್ತವೆ, ನಡುವೆ ಚೆಲ್ಲಾಪಿಲ್ಲಿ ಚುಕ್ಕೆಗಳು. ಅದೇ ಗುಂಡಿಯ ಕೊರಳು, ಮೇಲಿನ ಮಣ್ಣು ಒಳಗೆ ಜಾರಿದ ಜಾಗ. ತೀರಾ ಮೇಲಿನ ಗೆರೆಗಳೂ ಬಾಗಿದ್ದರೆ ಕುಸಿತ ಇನ್ನೂ ನಿಂತಿಲ್ಲ. ಕೆಳಗಿನವು ಬಾಗಿ ಮೇಲಿನವು ಚಪ್ಪಟೆಯಾಗಿದ್ದರೆ ಅದು ಹಳೆಯ ಗಾಯ, ಮೇಲೆ ಹೂಳು ಮಾಗಿದೆ. ಮೊದಲ ಸಲ ಇದನ್ನು ಕಂಡಾಗ ನಾನು ದೋಣಿಯಲ್ಲೇ ಎದ್ದು ನಿಂತುಬಿಟ್ಟಿದ್ದೆ.

ಮೋಸ ಮಾಡುವ ಎರಡು ಸಂಗತಿಗಳಿವೆ. ಒಂದು, ಮರುಪ್ರತಿಧ್ವನಿ. ಶಬ್ದ ತಳಕ್ಕೆ ಬಡಿದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ತಳಕ್ಕೆ ಹೋಗಿ ಬರುತ್ತದೆ. ಆಗ ನೀರಿನ ಆಳದ ಸರಿಯಾಗಿ ಎರಡರಷ್ಟು ಕೆಳಗೆ ಒಂದು ಸುಳ್ಳು ತಳ ಕಾಣುತ್ತದೆ. 3 ಮೀಟರ್ ನೀರಿನಲ್ಲಿ 6 ಮೀಟರ್ ಕೆಳಗೆ ಗಟ್ಟಿ ಪದರ ಸಿಕ್ಕಿತೆಂದು ಹಿಗ್ಗುವ ಮೊದಲು ಆಕಾರ ನೋಡಿ. ಅದು ಕೆರೆ ತಳದ ಏರಿಳಿತವನ್ನೇ ಎರಡು ಪಟ್ಟು ಮಾಡಿ ನಕಲು ಮಾಡುತ್ತಿದ್ದರೆ ಸುಳ್ಳು.

ಇನ್ನೊಂದು, ಅನಿಲ. ಕೊಳೆತ ಹೂಳಿನಲ್ಲಿ ಮೀಥೇನ್ ಗುಳ್ಳೆಗಳಿರುತ್ತವೆ. ಶಬ್ದಕ್ಕೆ ಅದು ಗೋಡೆ. ಪರದೆಯಲ್ಲಿ ದಟ್ಟ ಕಪ್ಪು ಗೆರೆ, ಅದರ ಕೆಳಗೆ ಏನೂ ಇಲ್ಲ. ಶಕ್ತಿ ಜಾಸ್ತಿ ಮಾಡಿದರೂ ಪ್ರಯೋಜನವಿಲ್ಲ. ತಂಪು ಕಾಲದಲ್ಲಿ, ನೀರು ಹೆಚ್ಚಿರುವಾಗ ಗುಳ್ಳೆ ಸ್ವಲ್ಪ ಕಡಿಮೆಯಾಗುತ್ತದೆ. ಇಲ್ಲವಾದರೆ ಉಪಕರಣವನ್ನೇ ಬದಲಿಸಿ.

ಹಂತ 6: ರೇಡಾರ್ ಮತ್ತು ವಿದ್ಯುತ್

ನೆಲದೊಳಗೆ ನೋಡುವ ರೇಡಾರ್ ಉಪ್ಪಿಲ್ಲದ ಸಿಹಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ಲಾರಿಡಾದ ಮರಳು ದಿಬ್ಬಗಳ ನಡುವಿನ ಎಷ್ಟೋ ಕೆರೆಗಳ ನೀರು ಮಳೆನೀರಿನಷ್ಟೇ ಮೃದು. ಅಂಥಲ್ಲಿ ಇದು ವರ. ರಬ್ಬರ್ ದೋಣಿಯಲ್ಲಿ ಆಂಟೆನಾ ಇಟ್ಟು ಎಳೆದರೆ ಸಾಕು, ಶಬ್ದಕ್ಕೆ ಆಗದ ತೀರಾ ಕಡಿಮೆ ನೀರಿನಲ್ಲೂ ನಡೆಯುತ್ತದೆ. ನೀರಿನಲ್ಲಿ ರೇಡಾರ್ ಅಲೆ ಬಹಳ ನಿಧಾನ, ನ್ಯಾನೋಸೆಕೆಂಡಿಗೆ ಸುಮಾರು 0.033 ಮೀಟರ್. ಅಂದರೆ 1 ಮೀಟರ್ ನೀರಿನಲ್ಲಿ ಹೋಗಿ ಬರಲು ಸುಮಾರು 60 ನ್ಯಾನೋಸೆಕೆಂಡ್. ಮೊದಲು ನೀರಿನ ವಿದ್ಯುತ್ ವಾಹಕತೆ ಅಳೆಯಿರಿ. ಸೆಂಟಿಮೀಟರಿಗೆ ನೂರು ಮೈಕ್ರೋಸೀಮೆನ್ಸ್ ಒಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಹಲವು ನೂರು ಬಂದರೆ ರೇಡಾರನ್ನು ಗಾಡಿಯಲ್ಲೇ ಬಿಡಿ. ಜೇಡಿಮಣ್ಣು ಎದುರಾದ ಕೂಡಲೇ ಅಲೆ ಸಾಯುತ್ತದೆ ಎಂಬುದೂ ನೆನಪಿರಲಿ.

ವಿದ್ಯುತ್ ವಿಧಾನ ನಮ್ಮ ರೈತರಿಗೆ ಹೊಸದಲ್ಲ. ಬೋರ್‌ವೆಲ್ ಪಾಯಿಂಟ್ ನೋಡಲು ಬರುವವರು ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ಹೊಡೆದು ವೈರು ಎಳೆಯುತ್ತಾರಲ್ಲ, ಅದೇ. ಹೊರಗಿನ ಎರಡರಲ್ಲಿ ವಿದ್ಯುತ್ ಹರಿಸಿ ಒಳಗಿನ ಎರಡರಲ್ಲಿ ವೋಲ್ಟೇಜ್ ಓದುತ್ತಾರೆ. ಕೆರೆಯಲ್ಲಿ ಗೂಟದ ಬದಲು ತೇಲುವ ಕೇಬಲ್, ಅದರ ಉದ್ದಕ್ಕೂ ಎಲೆಕ್ಟ್ರೋಡು. ದೋಣಿ ಎಳೆಯುತ್ತಾ ಹೋಗುತ್ತದೆ, ಅಳತೆ ತಾನಾಗಿ ಬರುತ್ತದೆ. ಕೇಬಲ್ ಉದ್ದದ ಸುಮಾರು ಐದನೇ ಒಂದು ಭಾಗದಷ್ಟು ಆಳ ಕಾಣುತ್ತದೆ. 100 ಮೀಟರ್ ಕೇಬಲ್ ಇದ್ದರೆ 20 ಮೀಟರ್ ನಿರೀಕ್ಷಿಸಿ, ಅದಕ್ಕಿಂತ ಹೆಚ್ಚು ಆಸೆ ಬೇಡ.

ಅನಿಲ ತುಂಬಿದ ಹೂಳಿನಲ್ಲಿ ಶಬ್ದ ಸೋತಾಗ ಇದು ಕೈಹಿಡಿಯುತ್ತದೆ. ಜೇಡಿಯ ರೋಧ, ಅಂದರೆ ವಿದ್ಯುತ್ತನ್ನು ತಡೆಯುವ ಗುಣ, ಕಡಿಮೆ, ಕೆಲವು ಹತ್ತು ಓಮ್‌ಮೀಟರ್. ಗಟ್ಟಿ ಸುಣ್ಣಕಲ್ಲಿನದು ನೂರಾರು, ಸಾವಿರ. ಜೇಡಿಯ ಹಾಸು ಎಲ್ಲಿ ಹರಿದಿದೆ ಎಂದು ಈ ಅಳತೆಯಿಂದ ಬರುವ ಚಿತ್ರದ ಬಣ್ಣದಲ್ಲೇ ಕಾಣುತ್ತದೆ. ಆದರೆ ಒಂದು ಎಚ್ಚರ. ಸುಣ್ಣಕಲ್ಲಿನ ನಡುವೆ ರೋಧ ಕಡಿಮೆ ಇರುವ ಜಾಗ ನೀರು ತುಂಬಿದ ಪೊಳ್ಳೂ ಆಗಿರಬಹುದು, ಜೇಡಿ ತುಂಬಿ ಮುಚ್ಚಿಹೋದ ಹಳೆಯ ಗುಂಡಿಯೂ ಆಗಿರಬಹುದು. ಒಂದು ಸೋರುತ್ತದೆ, ಇನ್ನೊಂದು ಸೋರುವುದಿಲ್ಲ. ಬಣ್ಣ ಮಾತ್ರ ಎರಡಕ್ಕೂ ಒಂದೇ. ಶಬ್ದದ ಚಿತ್ರದಲ್ಲಿ ಅದೇ ಜಾಗದ ಪದರ ಮುರಿದಿದೆಯಾ ಎಂದು ನೋಡದೆ ತೀರ್ಮಾನ ಮಾಡಬೇಡಿ. ನೀರಿನ ಆಳ ಮತ್ತು ವಾಹಕತೆ ಎರಡನ್ನೂ ಲೆಕ್ಕದ ಸಾಫ್ಟ್‌ವೇರ್‌ಗೆ ಮೊದಲೇ ಕೊಡಿ, ಇಲ್ಲವಾದರೆ ನೀರಿನ ಪ್ರಭಾವ ಹೂಳಿನ ಮೇಲೆ ಬೀಳುತ್ತದೆ.

ಹಂತ 7: ಕೊಳವೆ ಇಳಿಸಿ

ಇಲ್ಲಿಯವರೆಗೆ ಕಂಡದ್ದೆಲ್ಲ ನೆರಳು. ಹೂಳನ್ನು ಕೈಯಲ್ಲಿ ಹಿಡಿಯದೆ ‘ಇದು ಹೂಳು, ಇದು ಮರಳು’ ಎಂದು ಬರೆಯಬಾರದು. ಶಬ್ದದ ಚಿತ್ರ ಮುಂದಿಟ್ಟುಕೊಂಡು ಮೂರು ಜಾಗ ಆರಿಸಿ. ಪದರಗಳು ನೀಟಾಗಿ, ದಪ್ಪವಾಗಿ ಇರುವ ಕಡೆ ಒಂದು. ದಡದ ಹತ್ತಿರ ಪದರ ತೆಳುವಾಗುವ ಕಡೆ ಒಂದು. ಬಾಗಿದ ಬಟ್ಟಲಿನ ಅಂಚಿನಲ್ಲಿ ಒಂದು. ಗುಂಡಿಯ ನಟ್ಟನಡುವೆ ಬೇಡ, ಅಲ್ಲಿ ಪದರ ಕಲಸಿಹೋಗಿರುತ್ತದೆ.

ಎರಡು ದೋಣಿ ಜೋಡಿಸಿ ನಡುವೆ ಹಲಗೆ ಹಾಸಿ, ಮೂರು ಲಂಗರು ಬಿಟ್ಟು ನಿಲ್ಲಿಸಿ. ಪಿಸ್ಟನ್ ಇರುವ ಪಾರದರ್ಶಕ ಕೊಳವೆಯನ್ನು ರಾಡಿನಿಂದ ನಿಧಾನವಾಗಿ ಒತ್ತಿ. ಎಷ್ಟು ಒತ್ತಿದಿರಿ, ಒಳಗೆ ಎಷ್ಟು ಬಂತು, ಎರಡನ್ನೂ ಬರೆಯಿರಿ. ಮೆತ್ತನೆ ಹೂಳು ಕುಗ್ಗುತ್ತದೆ.

ಮೇಲೆ ಬಂದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಗಂಜಿಯಂಥ ಕಂದು ಕೆಸರು, ಕೊಳವೆ ವಾಲಿಸಿದರೆ ತುಳುಕುತ್ತದೆ. ಅದರ ಕೆಳಗೆ ಕರಿ ಹೂಳು. ಮುಚ್ಚಳ ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ. ಬೆರಳಿಗೆ ಬೆಣ್ಣೆಯ ಹಾಗೆ ನುಣ್ಣಗೆ ಹತ್ತುತ್ತದೆ. ಇನ್ನೂ ಕೆಳಗೆ ಒಂದು ಕಡೆ ಇದ್ದಕ್ಕಿದ್ದಂತೆ ಬಿಳಿ ಮರಳು, ಅದರೊಳಗೆ ಒಂದೆರಡು ಬೇರಿನ ತುಂಡು. ಆ ಬೇರು ಅಲ್ಲೇ ಬೆಳೆದದ್ದು. ಅಂದರೆ ಇವತ್ತು ದೋಣಿ ತೇಲುತ್ತಿರುವ ಈ ಜಾಗದಲ್ಲಿ ಒಂದು ಕಾಲಕ್ಕೆ ನೀರೇ ಇರಲಿಲ್ಲ.

ಲ್ಯಾಬಿನಲ್ಲಿ 1 ಸೆಂಟಿಮೀಟರ್ ಬಿಲ್ಲೆಗಳಾಗಿ ಕತ್ತರಿಸಿ. 550 ಡಿಗ್ರಿಯಲ್ಲಿ ಸುಟ್ಟರೆ ಕಳೆದುಹೋಗುವ ತೂಕ ಸಾವಯವ ಅಂಶ, 950 ಡಿಗ್ರಿಯಲ್ಲಿ ಮತ್ತೆ ಸುಟ್ಟರೆ ಸುಣ್ಣದ ಲೆಕ್ಕ ಸಿಗುತ್ತದೆ. ವಯಸ್ಸಿಗೆ ವಿಕಿರಣ ಸೂಸುವ ಸೀಸ 210 ಸುಮಾರು 100ರಿಂದ 150 ವರ್ಷದವರೆಗೆ ನಡೆಯುತ್ತದೆ, ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ 137 ಅತಿ ಹೆಚ್ಚಿದ್ದುದು 1963ರಲ್ಲಿ, ಹೂಳಿನಲ್ಲಿ ಅದು ಒಂದು ಗುರುತು. ಆದರೆ ಜೇಡಿ ಕಡಿಮೆಯಿರುವ ಸಾವಯವ ಹೂಳಿನಲ್ಲಿ ಸೀಸಿಯಂ ಮೇಲೆ ಕೆಳಗೆ ಸರಿದಾಡುತ್ತದೆ, ಅದೊಂದನ್ನೇ ನೆಚ್ಚಬೇಡಿ.

ಅದಕ್ಕಿಂತ ಹಳೆಯದಕ್ಕೆ, ಕಾಲ ಕಳೆದಂತೆ ಕ್ಷಯಿಸುವ ಇಂಗಾಲವಾದ ಕಾರ್ಬನ್ 14. ಸುಣ್ಣಕಲ್ಲಿನ ನಾಡಿನಲ್ಲಿ ಇಲ್ಲಿ ದೊಡ್ಡ ಬಲೆಯೊಂದಿದೆ. ಕಲ್ಲು ಕರಗಿ ಬಂದ ಇಂಗಾಲ ಕೋಟ್ಯಂತರ ವರ್ಷ ಹಳೆಯದು, ಅದರಲ್ಲಿ ಕಾರ್ಬನ್ 14 ಉಳಿದಿರುವುದಿಲ್ಲ. ಆ ನೀರಿನಲ್ಲಿ ಬೆಳೆದ ಬಸವನಹುಳುವಿನ ಚಿಪ್ಪು, ನೀರೊಳಗಿನ ಪಾಚಿ ಸಾವಿರ ವರ್ಷ ಹೆಚ್ಚು ಹಳೆಯದೆಂದು ತೋರಿಸಬಹುದು. ಹಾಗಾಗಿ ದಡದ ಮರದ ಎಲೆ, ಬೀಜ, ಇದ್ದಿಲಿನ ಚೂರು ಹುಡುಕಿ ಅದನ್ನೇ ಕಳಿಸಿ. ಒಂದು ದಿನ ಪೂರ್ತಿ ಜರಡಿ ಹಿಡಿದು ಒಂದು ಬೀಜ ಸಿಕ್ಕರೂ ಆ ದಿನ ಸಾರ್ಥಕ.

ಹಂತ 8: ಹಳೆಯ ನೀರಿನ ಮಟ್ಟ ಓದುವುದು

ಈಗ ಶಬ್ದದ ಚಿತ್ರವನ್ನೂ ಕೊಳವೆಯನ್ನೂ ಪಕ್ಕಪಕ್ಕ ಇಡಿ. ನೀರು ಇಳಿದಾಗ ದಡ ಒಳಕ್ಕೆ ಸರಿಯುತ್ತದೆ. ಅಲೆಗಳು ಹಳೆಯ ಹೂಳನ್ನು ಕೊರೆಯುತ್ತವೆ, ಮರಳು ಬಿಡುತ್ತವೆ. ನೀರು ಮತ್ತೆ ಏರಿದಾಗ ಅದರ ಮೇಲೆ ಹೊಸ ಹೂಳು. ಶಬ್ದದ ಚಿತ್ರದಲ್ಲಿ ಇದು ಓರೆ ಗೆರೆಗಳನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುತ್ತದೆ, ಮೇಲೆ ಹೊಸ ಗೆರೆಗಳು ಒರಗಿಕೊಂಡಿರುತ್ತವೆ. ಆ ಕತ್ತರಿಸಿದ ಅಂಚಿನ ಎತ್ತರವೇ ಸರಿಸುಮಾರು ಅಂದಿನ ನೀರಿನ ಮಟ್ಟ. ಕೊಳವೆಯಲ್ಲಿ ಅದೇ ಆಳದಲ್ಲಿ ಮರಳು, ಬೇರು ಇದ್ದರೆ ಸಾಕ್ಷಿ ಗಟ್ಟಿಯಾಯಿತು. ಆದರೆ ಕಾರ್ಸ್ಟ್ ಕೆರೆಯಲ್ಲಿ ತಳವೇ ಕುಸಿಯುತ್ತದೆ. ಹಳೆಯ ದಡ ಇವತ್ತು ಕೆಳಗಿದೆ ಎಂದರೆ ನೀರು ಇಳಿದಿತ್ತೋ, ದಡವೇ ಜಾರಿತೋ? ಕೆರೆಯ ನಾಲ್ಕೂ ದಿಕ್ಕಿನಲ್ಲಿ ಅದೇ ಎತ್ತರದಲ್ಲಿ ಅದೇ ಗುರುತು ಸಿಕ್ಕರೆ ನೀರು ಇಳಿದದ್ದು. ಒಂದೇ ಕಡೆ ಇದ್ದರೆ ಕುಸಿತ ಎಂದು ಅನುಮಾನಿಸಿ.

ಸುಮಾರು 20,000 ವರ್ಷ ಹಿಂದಿನ ಹಿಮಯುಗದಲ್ಲಿ ಸಮುದ್ರ ಇವತ್ತಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಫ್ಲಾರಿಡಾದ ಅಂತರ್ಜಲವೂ ಅದರ ಹಿಂದೆಯೇ ಇಳಿದಿತ್ತು. ಆಳವಿಲ್ಲದ ಕೆರೆಗಳು ಒಣಗಿದವು. ಆಳದ ಕೆಲವೇ ಕೆರೆಗಳಲ್ಲಿ ನೀರು ಉಳಿಯಿತು. ಏವನ್ ಪಾರ್ಕ್ ಹತ್ತಿರದ ಟ್ಯುಲೇನ್ ಕೆರೆ ಅಂಥದ್ದು. ಅದರ ಹೂಳಿನಲ್ಲಿ 50,000 ವರ್ಷಕ್ಕೂ ಹೆಚ್ಚಿನ ಪರಾಗದ ದಾಖಲೆ ಸಿಕ್ಕಿದೆ, ಪೈನ್ ಮರ ಹೆಚ್ಚಿದ ಕಾಲ, ಓಕ್ ಹೆಚ್ಚಿದ ಕಾಲ ಎಂದು ಪದರ ಪದರವಾಗಿ.

ಹಂತ 9: ಸೋರಿಕೆಯ ಲೆಕ್ಕ

ಮಧ್ಯ ಫ್ಲಾರಿಡಾದಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ. ಕೆರೆಯಿಂದ ಆವಿಯಾಗುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕೆರೆ ಏರುವುದೂ ಇಳಿಯುವುದೂ ತಳದ ಸೋರಿಕೆಯ ಕೈಯಲ್ಲಿದೆ.

ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ಕೆರೆ ಊಹಿಸಿಕೊಳ್ಳೋಣ. ಹರವು 10 ಹೆಕ್ಟೇರ್. ಕೆರೆಯ ಮಟ್ಟ ಅಂತರ್ಜಲದ ಮಟ್ಟಕ್ಕಿಂತ 4 ಮೀಟರ್ ಮೇಲೆ. ತಳದಲ್ಲಿ 2 ಮೀಟರ್ ದಪ್ಪದ ಜೇಡಿ, ನೀರು ಬಿಡುವ ಗುಣ ಸೆಕೆಂಡಿಗೆ 0.00000001 ಮೀಟರ್. ಮಟ್ಟದ ವ್ಯತ್ಯಾಸವನ್ನು ದಪ್ಪದಿಂದ ಭಾಗಿಸಿ, ಈ ಸಂಖ್ಯೆಯಿಂದ ಗುಣಿಸಿ. ದಿನಕ್ಕೆ ಸುಮಾರು 1.7 ಮಿಲಿಮೀಟರ್, ಇಡೀ ಕೆರೆಗೆ ಸುಮಾರು 173 ಘನ ಮೀಟರ್. ಈಗ ಜೇಡಿಯಲ್ಲಿ 10 ಮೀಟರ್ ಅಗಲದ ಒಂದೇ ಒಂದು ತೂತು, ಅದರಲ್ಲಿ ಮರಳು ತುಂಬಿದೆ ಅಂದುಕೊಳ್ಳಿ. ಮರಳು ಆ ಜೇಡಿಗಿಂತ ಸಾವಿರ ಪಟ್ಟು ಸುಲಭವಾಗಿ ನೀರು ಬಿಡುತ್ತದೆ ಎಂದಿಟ್ಟುಕೊಂಡರೆ ಆ ತೂತೊಂದೇ ದಿನಕ್ಕೆ ಸುಮಾರು 136 ಘನ ಮೀಟರ್ ಕುಡಿಯುತ್ತದೆ. ಕೆರೆಯ ಹರವಿನ ಸಾವಿರದಲ್ಲಿ ಒಂದು ಪಾಲೂ ಅಲ್ಲ ಅದು! ಗೆರೆಗಳನ್ನು 50 ಮೀಟರ್‌ಗೊಂದು ಹಾಕಿ ನಡುವೆ ಅಂಥ ಒಂದು ತೂತು ತಪ್ಪಿಹೋದರೆ ನಿಮ್ಮ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ. ಅನುಮಾನ ಬಂದ ಜಾಗದಲ್ಲಿ 10 ಮೀಟರ್‌ಗೊಂದು ಗೆರೆ ಹಾಕಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಅಂತರ್ಜಲ ಇನ್ನೂ 4 ಮೀಟರ್ ಇಳಿದರೆ ವ್ಯತ್ಯಾಸ 8 ಆಗುತ್ತದೆ, ಸೋರಿಕೆ ಎರಡು ಪಟ್ಟು. ಮೇಲಿನ ನೀರಿನ ಭಾರವನ್ನು ಕೆಳಗಿನಿಂದ ತಡೆಯುವ ಬಲವೂ ಕಡಿಮೆಯಾಗುತ್ತದೆ. ಗುಂಡಿಯ ಬಾಯಿಗೆ ಕೂತ ಹೂಳು ಆಗ ಜಾರುತ್ತದೆ. ಬರಗಾಲದಲ್ಲೇ ಜಾಕ್ಸನ್ ಕೆರೆ ಬರಿದಾಗುವುದು ಇದರಿಂದ. ಸುತ್ತ ಊರಿಗೂ ತೋಟಕ್ಕೂ ಪಂಪು ಹಾಕಿ ನೀರೆತ್ತಿದರೆ ಕೂಡ ಇದೇ ಆಗುತ್ತದೆ. ಆದ್ದರಿಂದ ಬಾವಿಯ ಲಾಗರ್ ಮತ್ತು ಕೆರೆಯ ಲಾಗರ್ ಒಂದೇ ಗಡಿಯಾರಕ್ಕೆ ಹೊಂದಿಸಿ, ಕನಿಷ್ಠ ಒಂದು ಮಳೆಗಾಲ, ಒಂದು ಒಣಗಾಲ ಬಿಡಿ.

ದೋಣಿಯ ಮೇಲಿನ ಜೋಪಾನ

ಫ್ಲಾರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಸಿಡಿಲು ಸಾಮಾನ್ಯ. ನೀರಿನ ನಡುವೆ ಎತ್ತರದ ವಸ್ತು ನೀವೊಬ್ಬರೇ. ಬೆಳಗ್ಗೆ ಆರಕ್ಕೆ ಶುರು ಮಾಡಿ, ಹನ್ನೆರಡಕ್ಕೆ ದಡ ಸೇರಿ. ಬೂಮರ್‌ನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಅದರ ಕೇಬಲ್ ಒದ್ದೆ ಕೈಯಲ್ಲಿ ಮುಟ್ಟಬೇಡಿ. ಜೀವರಕ್ಷಕ ಜಾಕೆಟ್ ಎಲ್ಲರಿಗೂ. ಮೊಸಳೆಯ ಜಾತಿಯ ಆಲಿಗೇಟರ್ ಅಲ್ಲಿ ಎಲ್ಲ ಕೆರೆಯಲ್ಲೂ ಇರಬಹುದು, ಮೊಣಕಾಲುದ್ದ ನೀರು ಎಂದು ಇಳಿದು ಕೇಬಲ್ ಬಿಡಿಸಲು ಹೋಗಬೇಡಿ. ಹೈಡ್ರಿಲಾ ಕಳೆ ಹೈಡ್ರೋಫೋನಿಗೆ ಸುತ್ತಿಕೊಂಡರೆ ಗರಗರ ಸದ್ದು ಸೇರಿ ಚಿತ್ರ ಕೆಡುತ್ತದೆ. ಆಗ ದೋಣಿ ನಿಲ್ಲಿಸಿ ಮೇಲಿನಿಂದಲೇ ಎಳೆದುಕೊಂಡು ಬಿಡಿಸಿ.

ನೀರು ಇಳಿದಾಗ ಮತ್ತೆ ಹೋಗಿ

ಕೆರೆ ಒಣಗಿದಾಗ ಜನ ಬೇಸರದಿಂದ ಉಪಕರಣ ಮಡಚಿಡುತ್ತಾರೆ. ನಿಜವಾಗಿ ಅದೇ ಹಬ್ಬದ ಹೊತ್ತು. ಸ್ಲೊವೇನಿಯಾದ ತ್ಸೆರ್ಕ್ನಿತ್ಸಾ ಕೆರೆ ತುಂಬಿದಾಗ 20 ಚದರ ಕಿಲೋಮೀಟರ್ ದಾಟುತ್ತದೆ, ಒಣಗಿದಾಗ ಹುಲ್ಲುಗಾವಲು. ವಾಲ್ವಸೋರ್ ಎಂಬವರು ಅದರ ಏರಿಳಿತವನ್ನು ವಿವರಿಸಿದ್ದಕ್ಕೆ 1687ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಅಂಥ ಒಣ ತಳದ ಮೇಲೆ ರೇಡಾರನ್ನು ನಡೆದುಕೊಂಡೇ ಎಳೆಯಬಹುದು, ಗೂಟ ಹೊಡೆದು ವಿದ್ಯುತ್ ಅಳೆಯಬಹುದು, ಗುಂಡಿಯ ಬಾಯಿಯನ್ನು ಕಣ್ಣಿನಿಂದಲೇ ನೋಡಬಹುದು. ಡ್ರೋನ್ ಹಾರಿಸಿ ತಳದ ಎತ್ತರ ತೆಗೆದರೆ ಹಂತ 4ರ ನಕ್ಷೆಯ ತಪ್ಪೂ ಗೊತ್ತಾಗುತ್ತದೆ. ಜಾಕ್ಸನ್ ಕೆರೆ 1999ರಲ್ಲಿ ಬರಿದಾದ ಮೇಲೆ ಅಲ್ಲಿನ ಆಡಳಿತ ಒಣಗಿದ ತಳದಿಂದ ಅಪಾರ ಹೂಳು ಎತ್ತಿಸಿತು.

ಹೂಳು ಎತ್ತುವ ಯೋಜನೆ ಇದ್ದರೆ ನಿಮ್ಮ ನಕ್ಷೆಯನ್ನು ಜೆಸಿಬಿ ಇಳಿಯುವ ಮೊದಲೇ ಕೊಡಿ. ಜೇಡಿಯ ಹಾಸು ತೆಳುವಾಗಿರುವ ಜಾಗಗಳಿಗೆ ಕೆಂಪು ಗೆರೆ ಎಳೆದು, ಅಲ್ಲಿ ಎಷ್ಟು ಆಳದವರೆಗೆ ಮಾತ್ರ ತೆಗೆಯಬಹುದು ಎಂದು ಮೀಟರಿನಲ್ಲಿ ಬರೆಯಿರಿ. ಕೆರೆ ಮತ್ತೆ ತುಂಬಿದ ವರ್ಷ ಅವೇ ಜಿಪಿಎಸ್ ಗೆರೆಗಳ ಮೇಲೆ, ಅದೇ ಬೂಮರ್ ಇಟ್ಟುಕೊಂಡು ಇನ್ನೊಮ್ಮೆ ಹೋಗಿ ಬನ್ನಿ. ಹಳೆಯ ಚಿತ್ರದ ಮೇಲೆ ಹೊಸದನ್ನು ಇಟ್ಟು ನೋಡಿ, ಮೇಲಿನ ಗೆರೆಗಳು ಎಲ್ಲಿ ಹೊಸದಾಗಿ ಬಾಗಿವೆಯೋ ಅಲ್ಲಿಗೆ ಮುಂದಿನ ಲಾಗರ್ ಇಳಿಸಿ.